ಬಗ್ಯಾಸ್ ಹಲಗಿ ನಡುವ ಸೀಳಾಕತ್ತಿದ್ರ, ರೆಸಿನ್ ಬೈಯೋಕಿಂತ ಮೊದ್ಲ ಏನೇನು ನೋಡ್ಬೇಕು

ಪ್ರೆಸ್ ಟೈಮ್ ಮುಗೀತೈತಿ, ಪ್ರೆಶರ್ ಬಿಡ್ತೀರಿ, ಒಳಗಿಂದ ಫಟ್ ಅಂತ ಸಪ್ಪಳ ಬರ್ತೈತಿ. ಹಲಗಿ ಹೊರಗ ತೆಗದು ನೋಡಿದ್ರ ಅಂಚು ಚಂದ ಐತಿ, ಮ್ಯಾಲಿನ ಮೈ ನುಣ್ಣಗ ಐತಿ, ಆದ್ರ ನಡುವ ಉಬ್ಬಿ ಕುಂತೈತಿ, ಬಡದ್ರ ಡಬ್ ಡಬ್ ಅಂತೈತಿ, ಗರಗಸ ಹಾಕಿದ್ರ ಎರಡು ಹಾಳಿ ಆಗಿ ಬಿಚ್ಕೊಂತೈತಿ. ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪಿ) ಇರ್ಲಿ, ಹತ್ತಿ ಕಟಗಿ ಇರ್ಲಿ, ಕಣಕಿ, ಶೇಂಗಾ ಸಿಪ್ಪಿ, ಗೋವಿನಜೋಳದ ದಿಂಡು ಯಾವುದರ ಇರ್ಲಿ, ಗಿಡದಿಂದ ಬರೋ ರೆಸಿನ್ (ಅಂಟು) ಹಾಕಿ ಹಲಗಿ ಒತ್ತೋರಿಗೆಲ್ಲಾ ಈ ದೋಷ ಬಂದ ಬರ್ತೈತಿ, ಬಂದ ಕೂಡ್ಲೇ ಎಲ್ಲಾರ ಬಾಯಾಗ ಒಂದ ಮಾತು, ರೆಸಿನ್ ಸರಿ ಇಲ್ಲ. ಗೋಡಂಬಿ ಚಿಪ್ಪಿನ ಎಣ್ಣಿಯ ಕಾರ್ಡನಾಲ್ ರೆಸಿನ್ ಬಿಟ್ಟು ಬಗ್ಯಾಸ್, ದಿಂಡಿನಿಂದ ಬರೋ ಫ್ಯುರಾನ್ ರೆಸಿನ್ ತರ್ತಾರ, ಫ್ಯುರಾನ್ ಬಿಟ್ಟು ಸೋಯಾ ಅಂತಾರ, ರೊಕ್ಕ ಹೋಗ್ತೈತಿ, ಹಲಗಿ ಮಾತ್ರ ಹಂಗ ಸೀಳ್ತೈತಿ.

ನಾನು ಹೇಳೋದು ಇಷ್ಟ: ರೆಸಿನ್ ಕಡೀಗೆ ನೋಡ್ರಿ. ಮೊದ್ಲ ಸೀಳಿದ ಹಲಗಿ ಒಳಮೈ ನೋಡ್ರಿ, ಆಮ್ಯಾಲ ಹೊಟ್ಟಿನೊಳಗಿನ (ಪುಡಿ ಮಾಡಿದ ಮಾಲಿನೊಳಗಿನ) ನೀರು, ಆಮ್ಯಾಲ ಹೊಟ್ಟಿಗೆ ಹತ್ತಿದ ಮಣ್ಣು, ಆಮ್ಯಾಲ ಬೆಂಡಿನ (ಕಬ್ಬಿನೊಳಗಿನ ಮೆತ್ತನ ಭಾಗದ) ಪುಡಿ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಮಾಲು ಕಾರ್ಖಾನಿ ಅಂಗಳದಿಂದ, ಹೊಲದಿಂದ ಸೀದಾ ಬರೋದು, ಲ್ಯಾಬಿನಿಂದ ಅಲ್ಲ, ಅದಕ್ಕ ದೋಷಾನೂ ಹೆಚ್ಚಾಗಿ ಅಲ್ಲಿಂದನ ಬಂದಿರ್ತೈತಿ.

ಸೀಳಿದ ಮೈ ಏನು ಹೇಳ್ತೈತಿ

ಕೆಟ್ಟ ಹಲಗಿ ಮೂಲ್ಯಾಗ ಒಗೀಬ್ಯಾಡ್ರಿ. ಉಬ್ಬಿದ ಜಾಗದಾಗ ಕೊಯ್ದು, ಎರಡು ಹಾಳಿ ಕೈಯಿಂದ ಬಿಚ್ಚಿ, ಬಿಸಲಿಗೆ ಹಿಡದು ನೋಡ್ರಿ, ಉಗುರಿನಿಂದ ಕೆರೀರಿ.

ಒಳಗಿನ ಎಳಿ ಗಟ್ಟಿ ಅದಾವ, ಬಣ್ಣ ಹೊರಮೈಯಷ್ಟ ಕಂದು ಆಗೇತಿ, ಉಗುರಿಗೆ ಏನೂ ಉದುರಂಗಿಲ್ಲ, ಆದ್ರೂ ನಡುವ ಸೀಳೇತಿ, ಅಂದ್ರ ರೆಸಿನ್ ತನ್ನ ಕೆಲಸ ಮಾಡೇತಿ, ಹಬೆ ಬಂದು ಹರದೈತಿ. ಒಳಗ ಮೆತ್ತಗ ಐತಿ, ಬಣ್ಣ ಹಸಿ ಬಗ್ಯಾಸಿನಂಗ ಬೆಳ್ಳಗ ಉಳದೈತಿ, ಕೆರದ್ರ ಪುಡಿ ಪುಡಿ ಉದುರ್ತೈತಿ, ಅಂದ್ರ ಒಳಗ ರೆಸಿನ್ ಗಟ್ಟಿ ಆಗೇ ಇಲ್ಲ, ಅದಕ್ಕ ಒಂದೋ ಕಾವು ಮುಟ್ಟಿಲ್ಲ, ಇಲ್ಲಾ ಕಾವು ಮುಟ್ಟಿದ್ರೂ ರೆಸಿನ್ ಗಟ್ಟಿ ಮಾಡೋ ಆಸಿಡ್ ಸತ್ತೈತಿ. ಎರಡು ಹಾಳಿ ನಡುವ ಹತ್ತಿ ಜುಂಗಿನಂಥಾ ಮೆತ್ತನ ಪುಡಿದು ಒಂದು ಪದರ ಕಾಣ್ತೈತಿ, ಅಂದ್ರ ಬೆಂಡು ಒಂದ ಕಡೆ ಕೂಡೇತಿ. ಕರೀ ಚುಕ್ಕಿ, ಹುಳಿ ವಾಸನಿ, ಬೆರಳಿಗೆ ಅಂಟು, ಇವೆಲ್ಲಾ ಇದ್ರ ಮಾಲು ಹುಳಿ ಬಂದಿತ್ತು.

ಇದರಾಗ ಮೊದಲ್ನೇದು, ಎರಡನೇದು ಒಂದಕ್ಕೊಂದು ಭಾಳ ಕಲಿಸಿಕೊಂತಾವ, ಯಾಕಂದ್ರ ಅರ್ಧ ಬೆಂದ ಹಲಗೀನೂ ಫಟ್ ಅಂತೈತಿ. ಅವನ್ನ ಬ್ಯಾರೆ ಮಾಡಾಕ ಎರಡು ಪರೀಕ್ಷೆ ಸಾಕು. ಕಾರ್ಡನಾಲ್ ಅಥವಾ ಫ್ಯುರಾನ್ ಹಾಕಿದ್ರ ಬಿಳೀ ಅರಬಿಗೆ ಅಸಿಟೋನ್ ಹಚ್ಚಿ ಒಳಮೈ ತಿಕ್ಕಿ ನೋಡ್ರಿ, ಅರಬಿ ಗಾಢ ಕಂದು ಆತು ಅಂದ್ರ ಬೇಯದ ರೆಸಿನ್ ಕರಗಿ ಬರಾಕತ್ತೈತಿ. ಅಂಟಿಗೆ ಸಿಟ್ರಿಕ್ ಆಸಿಡ್, ಸಕ್ಕರಿ ಕೂಡ್ಸಿ ಹಾಕಿದ ಹಲಗಿ ಆದ್ರ ಒಂದು ತುಂಡು ನೀರಾಗ ನೆನೆಯಿಟ್ಟು ಮಾರನೇ ದಿನ ಆ ನೀರಿಗೆ ಹುಳಿ, ಕ್ಷಾರ ತೋರ್ಸೋ ಪಿಎಚ್ ಪಟ್ಟಿ ಅದ್ರಿ, ನೀರು ಕಂದು ಆಗಿ ಪಟ್ಟಿ ಕೆಂಪಗ ಬಂದ್ರ ಆಸಿಡ್, ಸಕ್ಕರಿ ಎಳಿಗೆ ಕೂಡದ ಹಂಗ ಉಳದಾವ. ಇನ್ನೊಂದು ತುಂಡು ತಗೊಂಡು ಅದ ಕಾವಿನಾಗ ಇನ್ನೂ ಹತ್ತು ನಿಮಿಷ ಒತ್ರಿ. ಈ ಸಲ ಗಟ್ಟಿ ಆದ್ರ ಟೈಮ್ ಕಡಿಮಿ ಬಿದ್ದಿತ್ತು, ಗಟ್ಟಿ ಆಗ್ಲಿಲ್ಲ ಅಂದ್ರ ಆಸಿಡ್ ಸತ್ತಿರೋದ ಹೆಚ್ಚು ಖರೆ.

ನೀರಿನ ಲೆಕ್ಕ

ಮಿಲ್ಲಿನಿಂದ ಹೊರಬಿದ್ದ ಬಗ್ಯಾಸಿನಾಗ ಸುಮಾರು ಅರ್ಧ ತೂಕ ನೀರ ಇರ್ತೈತಿ. ಕಾರ್ಖಾನಿಯವರು ಅದನ್ನ ಹಂಗ ಬಾಯ್ಲರ್‌ಗ ಹಾಕ್ತಾರ, ಅವರಿಗೆ ನಡೀತೈತಿ, ನಮಗ ನಡಿಯಂಗಿಲ್ಲ. ಒಂದು ಗ್ರಾಂ ನೀರು ಹಬೆ ಆತಂದ್ರ 1.6 ಲೀಟರಿಗಿಂತ ಹೆಚ್ಚು ಜಾಗ ಬೇಡ್ತೈತಿ, ಪ್ರೆಸ್ ಒಳಗ ಅದಕ್ಕ ಜಾಗ ಎಲ್ಲೈತಿ? ಹಂಗಾಗಿ ಒತ್ತಡ ಏರ್ತೈತಿ. 160 ಡಿಗ್ರಿಯಾಗ ಹಬೆ ಒತ್ತಡ ಸುಮಾರು 6 ಬಾರ್, 180 ಡಿಗ್ರಿಯಾಗ ಸುಮಾರು 10 ಬಾರ್. ಪ್ರೆಸ್ ಮುಚ್ಚಿ ಇರೋತನಕ ಪ್ಲೇಟ್ ಅದನ್ನ ಹಿಡದಿರ್ತೈತಿ, ಬಿಟ್ಟ ಕೂಡ್ಲೇ ತವಾ ಮ್ಯಾಲ ಜ್ವಾಳದ ರೊಟ್ಟಿ ಉಬ್ಬಿದಂಗ ಹಲಗಿ ಎರಡು ಪದರ ಆಗಿ ಏಳ್ತೈತಿ.

ಈಗ ಒಂದು ಸಣ್ಣ ಹಲಗಿ ಲೆಕ್ಕ ಹಾಕೂಣ, ಇದನ್ನ ಒಮ್ಮೆ ಕೈಯಾರೆ ಮಾಡಿದ್ರ ಮುಂದ ಯಾವತ್ತೂ ಮರಿಯಂಗಿಲ್ಲ. 30 ಸೆಂಟಿಮೀಟರ್ ಉದ್ದ, 30 ಅಗಲ, 1 ಸೆಂಟಿಮೀಟರ್ ದಪ್ಪ. ಒಣ ಹೊಟ್ಟು 600 ಗ್ರಾಂ, ಅದಕ್ಕ 10 ಪರ್ಸೆಂಟ್ ಒಣ ರೆಸಿನ್ ಅಂದ್ರ 60 ಗ್ರಾಂ, ಒಟ್ಟು 660 ಗ್ರಾಂ, ಕ್ಯುಬಿಕ್ ಮೀಟರಿಗೆ 730 ಕೆಜಿ ಹತ್ರ ಬರ್ತೈತಿ, ಇದು ಮಧ್ಯಮ ಸಾಂದ್ರತೆ ಪಾರ್ಟಿಕಲ್ ಬೋರ್ಡ್. ರೆಸಿನ್ ನೀರಿನಾಗ ಕಲಸಿದ್ದು ಇದ್ದು ಅದರಾಗ ಅರ್ಧನ ಗಟ್ಟಿ ಪದಾರ್ಥ ಇದ್ರ, ನೀವು ಹಾಕಬೇಕಾದ್ದು 120 ಗ್ರಾಂ ಸಿರಪ್, ಅದರ ಜೋಡಿ 60 ಗ್ರಾಂ ನೀರು ಪುಕ್ಕಟೆ ಬಂತು. ಹೊಟ್ಟಿನಾಗ 4 ಪರ್ಸೆಂಟ್ ತೇವ ಇದ್ರ ಇನ್ನೊಂದು 24 ಗ್ರಾಂ. ಒಟ್ಟು ನೀರು 84 ಗ್ರಾಂ, ಒಣ ತೂಕಕ್ಕ ಹೋಲಿಸಿದ್ರ ಸುಮಾರು 13 ಪರ್ಸೆಂಟ್. ಇದ ಸ್ವಲ್ಪ ಹೆಚ್ಚಾತು, ಆದ್ರೂ ಸಾವಕಾಶ ಪ್ರೆಶರ್ ಬಿಟ್ರ ನಡೀತೈತಿ. ಅದ ಹೊಟ್ಟಿನಾಗ 12 ಪರ್ಸೆಂಟ್ ತೇವ ಇದ್ರ? 72 ಕೂಡ್ಸು 60, 132 ಗ್ರಾಂ, 20 ಪರ್ಸೆಂಟ್. ಇದು ಸೀಳ್ದ ಹೆಂಗ ಇರ್ತೈತಿ ಹೇಳ್ರಿ? ಹೊಟ್ಟು ಕೈಗೆ ಎರಡೂ ಸಲ ಒಣಗಿದಂಗ ಅನಸ್ತೈತಿ, 4 ಪರ್ಸೆಂಟಿಗೂ 12 ಪರ್ಸೆಂಟಿಗೂ ಫರಕ್ ಮುಟ್ಟಿದ್ರ ತಿಳಿಯಂಗಿಲ್ಲ, ಅಲ್ಲೇ ಮಂದಿ ಎಡವೋದು.

ಅದಕ್ಕ ತೂಗಿ ನೋಡ್ರಿ. ಹೊಟ್ಟು 50 ಗ್ರಾಂ ತಗೊಂಡು ಓವನ್‌ನಾಗ 103 ಡಿಗ್ರಿ ಇಟ್ಟು, ತೂಕ ಇಳಿಯೋದು ನಿಲ್ಲೋತನಕ ಬಿಡ್ರಿ. 46 ಗ್ರಾಂ ಉಳೀತು ಅಂದ್ರ ಹೋದದ್ದು 4 ಗ್ರಾಂ, ಅದನ್ನ 46ರಿಂದ ಭಾಗಿಸ್ರಿ, 8.7 ಪರ್ಸೆಂಟ್. ಭಾಗಿಸೋದು ಒಣ ತೂಕದಿಂದ, ಹಸಿ ತೂಕದಿಂದ ಅಲ್ಲ, ಈ ಒಂದು ವಿಷಯಕ್ಕ ಇಬ್ಬರ ಲೆಕ್ಕ ಯಾವತ್ತೂ ಕೂಡಂಗಿಲ್ಲ. ರೆಸಿನ್ ಸಿಂಪಡಿಸಿದ ಮ್ಯಾಲೂ ಒಂದು ಹಿಡಿ ತಗೊಂಡು ಮತ್ತ ತೂಗ್ರಿ, ಪ್ರೆಸ್ಸಿಗೆ ಹೋಗೋ ಮ್ಯಾಟ್ (ರೆಸಿನ್ ಬೆರಸಿ ಹಾಸಿದ ಹೊಟ್ಟು) 8ರಿಂದ 12 ಪರ್ಸೆಂಟ್ ನಡುವ ಇದ್ರ ಛಲೋ. ಪೂರಾ ಒಣಗಿಸಿಬಿಡ್ತೀನಿ ಅಂತ ಸೊನ್ನಿಗೆ ಇಳಿಸಬ್ಯಾಡ್ರಿ, ಯಾಕಂದ್ರ ಪ್ಲೇಟಿನ ಕಾವು ಒಳಗ ಲಗೂ ಮುಟ್ಟೋದು ಆ ಹಬೆ ಹೊತ್ಕೊಂಡು ಹೋಗೋದ್ರಿಂದನ, ಮತ್ತ ಎಳಿ ಬಾಗಿ ಒತ್ತಿಕೊಳ್ಳಾಕೂ ಸ್ವಲ್ಪ ತೇವ ಬೇಕು.

ಹವಾಮಾನದ್ದು ದೊಡ್ಡ ಆಟ ಐತಿ ಇಲ್ಲಿ. ಏಪ್ರಿಲ್‌ನಾಗ ವಿಜಯಪುರದಾಗ ಛಾವಣಿ ಕೆಳಗ ಹರವಿಟ್ಟ ಹೊಟ್ಟು ತಾನ ತಾನ 5-6 ಪರ್ಸೆಂಟಿಗೆ ಇಳೀತೈತಿ. ಅದ ಹೊಟ್ಟು ಜುಲೈದಾಗ ಬೆಳಗಾವಿ ಶೆಡ್ಡಿನಾಗ, ಜಿಟಿಜಿಟಿ ಮಳಿ ಹಿಡದಾಗ, ಒಂದು ಹನಿ ನೀರು ಬೀಳ್ದನ ಗಾಳಿಯಿಂದ ತೇವ ಎಳಕೊಂಡು 15ಕ್ಕಿಂತ ಮ್ಯಾಲ ಹೋಗ್ತೈತಿ. ಅದಕ್ಕ ಬ್ಯಾಸಗಿಯಾಗ ಛಲೋ ಬರ್ತಿದ್ದ ಹಲಗಿ ಮಳಗಾಲದಾಗ ಸೀಳಾಕತ್ತಿದ್ರ ಅದ ರೆಸಿನ್, ಅದ ಪ್ರೆಸ್, ಅದ ಟೈಮ್ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಒಣಗಿಸಿದ ಮಾಲು ಪ್ಲಾಸ್ಟಿಕ್ ಚೀಲದಾಗ ಬಾಯಿ ಕಟ್ಟಿ ಇಡ್ರಿ, ಒಣಗಿಸಿದ ದಿನಾನ ಒತ್ರಿ.

ಒಳಗ ಕಾವು ಮುಟ್ಟೇತೋ ಇಲ್ಲೋ

ಪ್ಲೇಟಿನ ಮೀಟರ್ 180 ತೋರಸ್ತೈತಿ ಅಂದ್ರ ಹಲಗಿ ನಡುವನೂ 180 ಐತಿ ಅಂತ ಅಲ್ಲ. ಕಾವು ಅಳಿಯೋ ಒಂದು ತೆಳ್ಳನ ಕೆ ಟೈಪ್ ಥರ್ಮೋಕಪಲ್ ವೈರ್ ತಗೋರಿ, ಭಾಳ ರೊಕ್ಕ ಏನೂ ಆಗಂಗಿಲ್ಲ, ಅರ್ಧ ಮ್ಯಾಟ್ ಹಾಸಿದ ಮ್ಯಾಲ ಸರೀ ನಡುವ ಇಟ್ಟು ಮ್ಯಾಲ ಉಳಿದ ಅರ್ಧ ಹಾಸ್ರಿ, ಪ್ರೆಸ್ ಮುಚ್ಚಿ ಪ್ರತಿ 15 ಸೆಕೆಂಡಿಗೆ ಒಂದ್ಸಲ ಬರಕೊಂತ ಹೋಗ್ರಿ. ಮೊದ್ಲ ಲಗೂ ಲಗೂ ಏರ್ತೈತಿ, 100 ದಾಟಿದ ಮ್ಯಾಲ ನಿಂತ್ಕೊಂತೈತಿ, 105, 106, 106, 107, ಹಿಂಗ ಅಲ್ಲೇ ತೆವಳ್ತೈತಿ. ಆ ಹೊತ್ತಿನಾಗ ಬರೋ ಕಾವೆಲ್ಲಾ ನೀರನ್ನ ಹಬೆ ಮಾಡಾಕ ಖರ್ಚಾಗಾಕತ್ತಿರ್ತೈತಿ. ಹಬೆ ಅಂಚಿನಿಂದ ಹೊರಗ ಹೋದ ಮ್ಯಾಲ ಮತ್ತ ಏರಾಕ ಚಾಲೂ ಆಗ್ತೈತಿ. ನಿಮ್ಮ ದೋಷ ಏನಂತ ಈ ಒಂದು ಸಾಲು ಅಂಕಿ ಸೀದಾ ಹೇಳ್ತೈತಿ: ನಿಂತದ್ದು ಭಾಳ ಹೊತ್ತು ಅಂದ್ರ ತೇವ ಹೆಚ್ಚು, ಪ್ರೆಸ್ ತೆಗೆಯೋ ಟೈಮ್ ಬಂದ್ರೂ ಇನ್ನೂ ಅಲ್ಲೇ ನಿಂತೈತಿ ಅಂದ್ರ ಒಳಗ ಹಬೇನೂ ಐತಿ, ರೆಸಿನ್ನೂ ಬೆಂದಿಲ್ಲ, ಎರಡೂ ದೋಷ ಒಂದ ಸಲ.

ಸಿಟ್ರಿಕ್ ಆಸಿಡ್ ಸಕ್ಕರಿ ಕೂಟಕ್ಕ ಇದು ಇನ್ನೂ ಬಿರುಸು. ಅದಕ್ಕ ಪ್ಲೇಟ್ 200 ಡಿಗ್ರಿ ಬೇಕು, ಸೆಂಟಿಮೀಟರ್ ದಪ್ಪದ ಹಲಗಿಗೆ ಸುಮಾರು ಹತ್ತು ನಿಮಿಷ. ಸಿಟ್ರಿಕ್ ಆಸಿಡ್ ಕರಗೋದ 153 ಡಿಗ್ರಿಗೆ, ಅದಾದ ಮ್ಯಾಲ ಅದು ಎಳಿಯೊಳಗಿನ ಸೆಲ್ಯುಲೋಸ್ ಜೋಡಿ, ಸಕ್ಕರಿ ಜೋಡಿ ಎಸ್ಟರ್ ಅನ್ನೋ ಬಂಧ ಕಟ್ಟಬೇಕು, ಕಟ್ಟುವಾಗ ಮತ್ತ ನೀರು ಬಿಡ್ತೈತಿ. ಒಂದು ಪಾಲು ಸಿಟ್ರಿಕ್ ಆಸಿಡ್‌ಗ ಮೂರು ಪಾಲು ಸಕ್ಕರಿ, ನೀರಾಗ ಕರಗಿಸಿ ಸಿಂಪಡಿಸೋದು, ಇಲ್ಲೀತನಕ ಎಲ್ಲಾರೂ ಮಾಡ್ತಾರ, ಸಿಂಪಡಿಸಿದ ಮ್ಯಾಲ 80 ಡಿಗ್ರಿಯಾಗ ಮತ್ತ ಒಣಗಿಸೋದನ್ನ ಬಿಟ್ಟುಬಿಡ್ತಾರ. ಈ ರೆಸಿನ್‌ನಾಗ ನಡುವ ಸೀಳಿದ್ರ ನಾನು ಮೊದ್ಲ ಕೇಳೋ ಪ್ರಶ್ನೆ ಇದ.

"ನಮ್ಮ ಕಡೆ ಇಂಡಿ ಲಿಂಬಿಹಣ್ಣು ಬೇಕಾದಷ್ಟು ಅದಾವಲ್ರಿ ಸರ, ರಸಾನ ಹಿಂಡಿ ಹಾಕಿದ್ರ ಆಗಂಗಿಲ್ಲೇನ್ರಿ?" ಅಂತ ಭಾಳ ಮಂದಿ ಕೇಳ್ತಾರ. ಕೇಳೋದ್ರಾಗ ತಪ್ಪಿಲ್ಲ, ಆದ್ರ ಲಿಂಬಿ ರಸದಾಗ ಸಿಟ್ರಿಕ್ ಆಸಿಡ್ 5-6 ಪರ್ಸೆಂಟ್ ಇದ್ರ ಹೆಚ್ಚು, ಉಳಿದದ್ದೆಲ್ಲಾ ನೀರು, ಮ್ಯಾಲ ಹೇಳಿದ ಲೆಕ್ಕ ಹಾಕಿ ನೋಡ್ರಿ ಏನಾಗ್ತೈತಿ ಅಂತ. ಅಂಗಡ್ಯಾಗ ಸಿಗೋ ಸಿಟ್ರಿಕ್ ಆಸಿಡ್ ಹರಳು ಹಣ್ಣಿನಿಂದ ಬಂದದ್ದಲ್ಲ, ಮೊಲಾಸಿಸ್ ಅಥವಾ ಸಕ್ಕರಿಯನ್ನ ಆಸ್ಪರ್ಜಿಲಸ್ ನೈಜರ್ ಅನ್ನೋ ಬೂಸ್ಟಿನಿಂದ ಹುದುಗಿಸಿ ತೆಗೆಯೋದು, ಹಂಗ ನೋಡಿದ್ರ ಅದೂ ಕಬ್ಬಿನ ಮನಿ ಮಾಲ.

ಪ್ರೆಶರ್ ಬಿಡೋದು ಹೆಂಗ ಅನ್ನೋದೂ ಇದರಾಗ ಬರ್ತೈತಿ. ಲಿವರ್ ಒಮ್ಮೆಲೇ ಬಿಡಬ್ಯಾಡ್ರಿ. ಕಡೀ ಎರಡು ಮೂರು ನಿಮಿಷದಾಗ ಹಂತ ಹಂತವಾಗಿ ಇಳಸ್ರಿ, ಸೊನ್ನಿ ಹತ್ರ ಬಂದಾಗ ಪ್ಲೇಟ್ ಹಲಗಿಗೆ ತಾಗಿರೋ ಹಂಗ ಸ್ವಲ್ಪ ಹೊತ್ತು ನಿಲ್ಲಸ್ರಿ, ಅಂಚಿನಿಂದ ಸುಂಯ್ ಅಂತ ಹಬೆ ಹೋಗೋದು ಕೇಳ್ತೈತಿ, ಅದು ನಿಂತ ಮ್ಯಾಲ ಪೂರಾ ತೆಗೀರಿ. ಹೈಡ್ರಾಲಿಕ್ ಪ್ರೆಸ್‌ನಾಗ ಸಣ್ಣ ನೀಡಲ್ ವಾಲ್ವ್ ಹಾಕಿಸಿಕೊಂಡ್ರ ಇದು ಸರಳ, ಬೆಳಗಾವ್ಯಾಗ ಹೈಡ್ರಾಲಿಕ್ ಕೆಲಸದವರಿಗೇನು ಬರ ಇಲ್ಲ. ಹಬೆದಿಂದ ಸೀಳಾಕತ್ತಿದ್ದ ಹಲಗಿ ಬರೇ ಇದರಿಂದ ಸುಧಾರಿಸೋದು ಎಷ್ಟೋ ಸಲ ಆಗ್ತೈತಿ.

ಎರೆ ಮಣ್ಣು ಆಸಿಡ್ ಕೊಲ್ತೈತಿ

ಇದನ್ನ ನಾನು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಬ್ಯಾರೆ ಕಡೆಯವರು ಬರೆದ ಕೈಪಿಡ್ಯಾಗ ಇದು ಸಿಗೋದು ಅಪರೂಪ, ನಮ್ಮ ಕಡೆ ಮಾತ್ರ ಇದು ದೊಡ್ಡ ಕಾಟ.

ಫ್ಯುರಾನ್ ರೆಸಿನ್, ಸಿಟ್ರಿಕ್ ಆಸಿಡ್ ಕೂಟ, ಇವೆರಡೂ ಆಸಿಡ್ ಮ್ಯಾಲ ನಡಿಯೋ ಪೈಕಿ. ನಮ್ಮ ಎರೆ ಹೊಲದ ಮಣ್ಣು ಕ್ಷಾರ, ಅದರಾಗ ಸುಣ್ಣದ ಅಂಶ ಬೆರತಿರ್ತೈತಿ, ವಿಜಯಪುರ, ಬಾಗಲಕೋಟೆ ಹೊಲದಾಗ ಬಿಳೀ ಸುಣ್ಣದ ಹರಳು ನೋಡಿದವರಿಗೆ ಹೇಳೋದು ಬ್ಯಾಡ. ಹತ್ತಿ ಕಟಗಿ ಬೇರು ಸಮೇತ ಕಿತ್ತು ತರ್ತಾರ, ಬೇರಿನಾಗ ಹೆಂಟಿ ಸಿಕ್ಕೊಂಡಿರ್ತೈತಿ, ಹ್ಯಾಮರ್ ಮಿಲ್ಲಿಗೆ ಹಾಕಿದ್ರ ಅದು ಸಣ್ಣ ಧೂಳಾಗಿ ಎಳಿ ಎಳಿಗೂ ಹತ್ತತೈತಿ. ಬಗ್ಯಾಸ್ ನೆಲದ ಮ್ಯಾಲ ಒಟ್ಟಿ, ಜೆಸಿಬಿಯಿಂದ ಬಳದು ಟ್ರ್ಯಾಕ್ಟರಿಗೆ ತುಂಬ್ತಾರ, ಆಗೂ ಅದ ಕತಿ. ಬಾಯ್ಲರ್ ಬೂದಿ ಗಾಳಿಗೆ ಬಂದು ಕುಂದ್ರೋದೂ ಐತಿ, ಬೂದೀನೂ ಕ್ಷಾರನ.

ಎಷ್ಟು ಮಣ್ಣು ಇದ್ರ ತೊಂದ್ರಿ ಅಂತೀರಾ? ಒಂದು ಗ್ರಾಂ ಸುಣ್ಣಕಲ್ಲಿನ ಪುಡಿ 1.28 ಗ್ರಾಂ ಸಿಟ್ರಿಕ್ ಆಸಿಡ್ ತಿಂತೈತಿ. ಸಿಟ್ರಿಕ್ ಕೂಟದಾಗ ಆಸಿಡ್ ಹತ್ತಾರು ಗ್ರಾಂ ಇರ್ತೈತಿ, ಹಂಗಾಗಿ ತಡಕೊಂತೈತಿ. ಫ್ಯುರಾನ್‌ದು ಹಂಗಲ್ಲ. ಅದಕ್ಕ ಹಾಕೋ ಪ್ಯಾರಾ ಟಾಲ್ವಿನ್ ಸಲ್ಫೋನಿಕ್ ಆಸಿಡ್ ಒಂದು ಗ್ರಾಂ ಸುಣ್ಣಕ್ಕ 3.8 ಗ್ರಾಂ ಖಲಾಸ್ ಆಗ್ತೈತಿ. 60 ಗ್ರಾಂ ರೆಸಿನ್‌ಗ ನೀವು 2 ಗ್ರಾಂ ಆಸಿಡ್ ಹಾಕಿದ್ರಿ ಅಂತ ಇಟ್ಕೋರಿ, ಅರ್ಧ ಗ್ರಾಂ ಸುಣ್ಣ ಸಾಕು ಅದನ್ನ ಹೆಚ್ಚು ಕಡಿಮಿ ಪೂರಾ ಮುಗಸಾಕ, 600 ಗ್ರಾಂ ಹೊಟ್ಟಿನಾಗ ಅರ್ಧ ಗ್ರಾಂ ಯಾರ ಕಣ್ಣಿಗೆ ಕಾಣ್ತೈತಿ? ಹೊರಮೈ ಮಾತ್ರ ಕಾವಿಗೆ ಹೆಂಗೋ ಗಟ್ಟಿ ಆಗ್ತೈತಿ, ಒಳಗ ಹಸಿ ಉಳೀತೈತಿ, ಹಲಗಿ ಸೀಳ್ತೈತಿ, ಬೈಗುಳ ರೆಸಿನ್ ಕೊಟ್ಟವರಿಗೆ.

ಪರೀಕ್ಷೆ ಭಾಳ ಸರಳ. ಎರಡು ಹಿಡಿ ಹೊಟ್ಟು ಬಕೀಟು ನೀರಿನಾಗ ಹಾಕಿ ಗಸಗಸ ತಿಕ್ಕಿ, ಎಳಿ ಎತ್ತಿ ತೆಗದು, ನೀರು ತಿಳಿ ಆಗೋತನಕ ಬಿಡ್ರಿ. ಮ್ಯಾಲಿನ ನೀರು ಬಗ್ಗಿಸಿ ತಳದಾಗ ಉಳಿದ ಕೆಸರಿಗೆ ಸಿಟ್ರಿಕ್ ಆಸಿಡ್ ನೀರು ಹಾಕಿ ಕಿವಿ ಹತ್ರ ಹಿಡೀರಿ. ಚುರುಚುರು ಅಂತ ಸಣ್ಣ ಗುಳ್ಳಿ ಎದ್ರ ಸುಣ್ಣ ಐತಿ. ಬಕೀಟಿನ ನೀರಿಗೆ ಪಿಎಚ್ ಪಟ್ಟೀನೂ ಅದ್ರಿ, ಸ್ವಚ್ಛ ಬಗ್ಯಾಸಿನ ನೀರು ಸ್ವಲ್ಪ ಹುಳಿ ಕಡೆ ಇರಬೇಕು, 7 ದಾಟಿತು ಅಂದ್ರ ಮಣ್ಣು ಇಲ್ಲಾ ಬೂದಿ ಸೇರೇತಿ. ಬೋರ್‌ವೆಲ್ ನೀರ ಕ್ಷಾರ ಇರೋ ಊರಾಗ ಬರೇ ನೀರಿಂದೂ ಒಂದು ಪಟ್ಟಿ ಅದ್ದಿ ಹೋಲಿಸ್ರಿ.

ಬೆಳಗಾವ್ಯಾಗ ಇದ್ದವರಿಗೆ ಇನ್ನೊಂದು ಅನುಕೂಲ ಐತಿ. ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಯವರಿಗೆ ಫ್ಯುರಾನ್ ರೆಸಿನ್ ಹೊಸಾದಲ್ಲ, ಅಚ್ಚಿನ ಮರಳು ಕಟ್ಟಾಕ ಬಳಸೋ ರೆಸಿನ್‌ದಾಗ ಅದೂ ಒಂದು, ಅದರ ಮೂಲ ಫರ್ಫ್ಯುರಾಲ್ ಬರೋದು ಬಗ್ಯಾಸ್, ಗೋವಿನಜೋಳದ ದಿಂಡು ಇಂಥಾವರಿಂದನ. 1922ರಾಗ ಅಮೆರಿಕಾದ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಅದನ್ನ ದೊಡ್ಡ ಪ್ರಮಾಣದಾಗ ತೆಗೆಯಾಕ ಚಾಲೂ ಮಾಡಿತ್ತು. ಮರಳಿನಾಗ ಸುಣ್ಣ ಇದ್ರ ಅಚ್ಚು ಗಟ್ಟಿ ಆಗಂಗಿಲ್ಲ ಅಂತ ಫೌಂಡ್ರಿ ಮಂದಿಗೆ ಗೊತ್ತೈತಿ, ಅದನ್ನ ಅಳಿಯೋ ಟೆಸ್ಟಿಗೆ ಅವರು ಆಸಿಡ್ ಡಿಮ್ಯಾಂಡ್ ಅಂತಾರ. ಗುರುತಿನವರು ಇದ್ರ ನಿಮ್ಮ ಹೊಟ್ಟಿನ ಪುಡೀನೂ ಅದ ರೀತಿ ಟೆಸ್ಟ್ ಮಾಡಿಸ್ರಿ.

ಉಪಾಯ ಅಂದ್ರ ತೊಳಿಯೋದು, ಜಾಲಿಸೋದು, ಕಟಗಿಯ ಬೇರು ಕಡದು ಒಗಿಯೋದು. ಆಸಿಡ್ ಇನ್ನಷ್ಟು ಸುರಿದ್ರ ಸರಿ ಹೋಗ್ತೈತಿ ಅಂತ ಮಾಡಬ್ಯಾಡ್ರಿ, ಒಂದು ಕಡೆ ಸುಣ್ಣ ಹೆಚ್ಚು ಇನ್ನೊಂದು ಕಡೆ ಕಡಿಮಿ ಇರ್ತೈತಿ, ಕಡಿಮಿ ಇದ್ದಲ್ಲಿ ಆಸಿಡ್ ಹೆಚ್ಚಾಗಿ ಎಳೀನ ಸುಟ್ಟು ಪುಡಿ ಆಗ್ತೈತಿ. ಮತ್ತ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಫ್ಯುರಾನ್ ರೆಸಿನ್‌ದಾಗ ಇರೋ ಫರ್ಫ್ಯುರೈಲ್ ಆಲ್ಕೋಹಾಲ್‌ಗ ಬಿರುಸು ಆಸಿಡ್ ಸೀದಾ ಸುರೀಬ್ಯಾಡ್ರಿ, ಭಕ್ ಅಂತ ಕಾವೇರಿ ಸಿಡೀತೈತಿ. ಮೊದ್ಲ ಆಸಿಡ್ ಹೊಟ್ಟಿಗೆ ಬೆರಸ್ರಿ, ಆಮ್ಯಾಲ ರೆಸಿನ್, ಫೌಂಡ್ರ್ಯಾಗ ಮರಳಿಗೆ ಮಾಡಿದಂಗ.

ಗೋಡಂಬಿ ಚಿಪ್ಪಿನ ಎಣ್ಣಿಯಿಂದ ಬರೋ ಕಾರ್ಡನಾಲ್ ರೆಸಿನ್, ಅದನ್ನ ಹೆಕ್ಸಮೀನ್ ಹಾಕಿ ಗಟ್ಟಿ ಮಾಡೋದಾದ್ರ, ಈ ಮಣ್ಣಿನ ಕಾಟ ಕಡಿಮಿ. ಅದಕ್ಕ ಒಂದು ಅಡ್ಡ ಪರೀಕ್ಷೆ ಹಿಂಗ ಮಾಡಬಹುದು: ಅದ ಹೊಟ್ಟು, ಅದ ತೇವ, ಒಂದು ಹಲಗಿ ಫ್ಯುರಾನ್, ಒಂದು ಹಲಗಿ ಕಾರ್ಡನಾಲ್. ಫ್ಯುರಾನ್ ಅಷ್ಟ ಒಳಗ ಹಸಿ ಉಳದ್ರ ಮಣ್ಣಿನ ಮ್ಯಾಲ ಸಂಶಯ ಗಟ್ಟಿ ಆತು, ಎರಡೂ ಸೀಳಿದ್ರ ಮತ್ತ ನೀರಿನ ಲೆಕ್ಕಕ್ಕ ಹೋಗ್ರಿ. ಹೆಕ್ಸಮೀನ್ ಕಾವಿಗೆ ಒಡದು ಫಾರ್ಮಾಲ್ಡಿಹೈಡ್, ಅಮೋನಿಯಾ ಬಿಡ್ತೈತಿ, ಗಿಡದ ರೆಸಿನ್ ಐತಿ ಅಂತ ಕಿಟಕಿ ಮುಚ್ಚಿ ಕೆಲಸ ಮಾಡಬ್ಯಾಡ್ರಿ, ಹಸಿ ಚಿಪ್ಪಿನ ಎಣ್ಣಿ ಮೈಗೆ ಹತ್ತಿದ್ರ ಬೊಬ್ಬಿ ಏಳ್ತೈತಿ, ಗ್ಲೌಸ್ ಬೇಕ ಬೇಕು.

ಬೆಂಡು, ಮೇಣ, ಹುಳಿ ಬಂದ ಮಾಲು

ಕಬ್ಬಿನ ಸಿಪ್ಪಿ ಒಳಗ ಉದ್ದನ ಎಳೀನೂ ಇರ್ತಾವ, ಮೆತ್ತನ ಬೆಂಡೂ ಇರ್ತೈತಿ, ಕಾರ್ಖಾನಿ ಮಂದಿ ಅದಕ್ಕ ಪಿತ್ ಅಂತಾರ, ತೂಕದಾಗ ಸುಮಾರು ಮೂರನೇ ಒಂದು ಪಾಲು. ಬೆಂಡಿಗೆ ಬಲ ಇಲ್ಲ, ರೆಸಿನ್ ಮಾತ್ರ ಗಟಗಟ ಕುಡೀತೈತಿ, ಎಳಿಗೆ ಉಳಿಯೋದ ಕಡಿಮಿ. ಜಾಲಿಸ್ಲಾರದ ಮಾಲು ಮ್ಯಾಟ್ ಮಾಡಿ ತಟ್ಟಿದ್ರ ಸಣ್ಣ ಪುಡಿ ಕೆಳಗ ಇಳೀತೈತಿ, ಎರಡು ಸಲ ಹಾಸಿದ್ರ ನಡುವನ ಒಂದು ಪದರ ಆಗಿ ಕುಂದ್ರತೈತಿ, ಸರೀ ಅಲ್ಲೇ ಸೀಳ್ತೈತಿ. ಒಂದು ಮಿಲಿಮೀಟರ್ ಜಾಳಿಗಿಯಾಗ ಅಲುಗಾಡಿಸಿ ಕೆಳಗ ಬಿದ್ದದ್ದು ಎಷ್ಟು ಅಂತ ತೂಗ್ರಿ, ಜಾಲಿಸಿದ್ದರದು ಒಂದು ಹಲಗಿ, ಜಾಲಿಸ್ಲಾರದ್ದು ಒಂದು ಹಲಗಿ ಒತ್ತಿ ಹೋಲಿಸ್ರಿ, ಉತ್ತರ ಅಲ್ಲೇ ಸಿಗ್ತೈತಿ. ಒಣ ಬೆಂಡಿನ ಧೂಳು ಹಾರ್ತೈತಿ, ಬೂಸ್ಟು ಹತ್ತಿದ ಬಗ್ಯಾಸಿನ ಧೂಳು ಪುಪ್ಪುಸಕ್ಕ ಹೊಕ್ರ ಬಗ್ಯಾಸೋಸಿಸ್ ಅಂತ ರೋಗ ಬರ್ತೈತಿ, ಸಾದಾ ಕರವಸ್ತ್ರ ಕಟ್ಕೊಂಡ್ರ ಸಾಲಂಗಿಲ್ಲ, ಎನ್95 ಮಾಸ್ಕ್ ಹಾಕ್ರಿ.

ಕಣಕಿ, ಗೋಧಿ ಹುಲ್ಲು ಬಳಸೋರು ಹೊರಸಿಪ್ಪಿ ಮ್ಯಾಲ ಒಂದು ಹನಿ ನೀರು ಬಿಟ್ಟು ನೋಡ್ರಿ. ಹನಿ ಮುತ್ತಿನಂಗ ನಿಂತ್ರ ಮ್ಯಾಲ ಮೇಣ ಐತಿ, ನೀರಿನ ರೆಸಿನ್ ಅಲ್ಲಿ ಹತ್ತಂಗಿಲ್ಲ. ಇಂಥಾ ಹಲಗಿ ಸೀಳಿದಾಗ ಒಳಗ ಹೊಳಿಯೋ ಸಿಪ್ಪಿ ಕಾಣ್ತಾವ, ಅದರ ಮ್ಯಾಲ ರೆಸಿನ್ ಗುರುತ ಇರಂಗಿಲ್ಲ. ಸಣ್ಣಗ ಸೀಳಿ ಒಳಮೈ ಬಿಚ್ಚಿದ್ರ ಅರ್ಧ ಕೆಲಸ ಆತು. ಕಾಸ್ಟಿಕ್ ಸೋಡಾ ನೀರಿನಾಗ ನೆನೆಸೋರೂ ಅದಾರ, ನಡೀತೈತಿ, ಆದ್ರ ಆಮ್ಯಾಲ ಪೂರಾ ತೊಳಿಲಿಲ್ಲ ಅಂದ್ರ ಎರೆ ಮಣ್ಣು ಮಾಡಿದ ಕೆಲಸಾನ ಸೋಡಾ ಮಾಡ್ತೈತಿ.

ಹತ್ತಿ ಕಟಗಿದ್ದು ಬ್ಯಾರೆ ತಕರಾರು, ಅದರ ತೊಗಟಿ ನಾರು ಮಿಕ್ಸರ್ ರೆಕ್ಕಿಗೆ ಸುತ್ಕೊಂತೈತಿ, ಉಳಿದ ಹತ್ತಿ ಉಂಡಿ ಕಟ್ಟಿ ರೆಸಿನ್ ಹೀರ್ತೈತಿ. ಮುಂಬೈದ ಐಸಿಎಆರ್ ಸಿರ್ಕಾಟ್ ಅನ್ನೋ ಹತ್ತಿ ಸಂಶೋಧನಾ ಸಂಸ್ಥೆಯವರು ಹತ್ತಿ ಕಟಗಿ ಪಾರ್ಟಿಕಲ್ ಬೋರ್ಡ್ ಮ್ಯಾಲ ಭಾಳ ಕೆಲಸ ಮಾಡ್ಯಾರ, ಕಟಗಿ ಮ್ಯಾಲ ಹೊಂಟವರು ಅವರನ್ನ ವಿಚಾರಿಸೋದು ಛಲೋ.

ಹುಳಿ ಬಂದ ಬಗ್ಯಾಸಿನ ಕಾರಣ ಒಳಗ ಉಳಿದ ಸಕ್ಕರಿ. ಎಷ್ಟ ಹಿಂಡಿದ್ರೂ ಎರಡು ಮೂರು ಪರ್ಸೆಂಟ್ ಉಳೀತೈತಿ, ಹಸೀದು ಒಟ್ಟಿದ್ರ ಹುದುಗಿ ಬಿಸಿ ಆಗ್ತೈತಿ, ಬಣ್ಣ ಕಪ್ಪಾಗಿ ಎಳಿ ಮುರಕಲು ಬೀಳ್ತೈತಿ. ಒಟ್ಟಲದಾಗ ಕೈ ಹಾಕಿದ್ರ ಬಿಸಿ ಹತ್ತತೈತಿ, ವಾಸನಿ ಸಾರಾಯಿ ಗಡಂಗಿನಂಗ ಬರ್ತೈತಿ, ಅಂಥಾ ಮಾಲು ಹಲಗಿಗೆ ತಗೋಬ್ಯಾಡ್ರಿ. ಸೀಸನ್‌ನಾಗ ಹೊಸಾದು ತಂದು, ಬಿಸಿನೀರಾಗ ತೊಳದು, ತೆಳ್ಳಗ ಹರವಿ ಒಣಗಿಸಿ ಇಟ್ಕೋರಿ. ಹಲಗಿ ಪ್ಲೇಟಿಗೆ ಅಂಟೋದಕ್ಕೂ ಈ ಸಕ್ಕರಿ ಒಂದು ಕಾರಣ, ಟೆಫ್ಲಾನ್ ಹಾಳಿ ಹಾಕ್ರಿ. ಆಸಿಡ್ ಕೂಟಕ್ಕ ಸಾದಾ ಕಬ್ಬಿಣದ ಪ್ಲೇಟ್ ತಾಗದಂಗ ನೋಡ್ಕೋರಿ, ತುಕ್ಕು ಹಿಡದು ಹಲಗಿ ಮೈಮ್ಯಾಲ ಕರೀ ಕಲೆ ಬೀಳ್ತಾವ.

ಕಡೀಗೆ ರೆಸಿನ್

ತೇವ ತೂಗಿದ್ರಿ, ನಡುವಿನ ಕಾವು ನೋಡಿದ್ರಿ, ಪ್ರೆಶರ್ ಸಾವಕಾಶ ಬಿಟ್ರಿ, ಮಣ್ಣಿಲ್ಲ, ಬೆಂಡು ಜಾಲಿಸೇತಿ, ಆದ್ರೂ ಸೀಳ್ತೈತಿ ಅಂದ್ರ ಈಗ ರೆಸಿನ್ ಡಬ್ಬಿ ಮುಚ್ಚಳ ತೆಗೀರಿ. ನೀರಿನಾಗ ಕಲಸಿದ ರೆಸಿನ್ ನಮ್ಮ ಬ್ಯಾಸಗಿಯಾಗ ತಗಡಿನ ಶೆಡ್ಡಿನಾಗ ಇಟ್ರ ತಾನ ತಾನ ದಪ್ಪ ಆಗ್ತೈತಿ, ದಪ್ಪ ಆದದ್ದು ಸ್ಪ್ರೇ ಗನ್‌ನಿಂದ ಹನಿ ಹನಿ ಬೀಳ್ತೈತಿ, ಎಳಿ ಮ್ಯಾಲ ಹರಿಯಂಗಿಲ್ಲ, ಹಲಗಿ ಕೊಯ್ದ್ರ ಒಳಗ ರೆಸಿನ್ ಗಂಟು ಕಾಣ್ತಾವ.

ರೆಸಿನ್ ಹೊಸಾದು ತಂದ ದಿನಾನ ಜೆಲ್ ಟೈಮ್ ನೋಡಿ ಡಬ್ಬಿ ಮ್ಯಾಲ ಬರದಿಡ್ರಿ. 150 ಡಿಗ್ರಿ ಬಿಸಿ ಪ್ಲೇಟ್ ಮ್ಯಾಲ ಒಂದು ಗ್ರಾಂ ಹಾಕಿ, ಗಾಜಿನ ಕಡ್ಡಿಯಿಂದ ಆಡಿಸ್ಕೊಂತ ಇರ್ರಿ, ಮೊದ್ಲ ನೂಲು ನೂಲಾಗಿ ಎಳೀತೈತಿ, ಒಂದು ಗಳಿಗಿಗೆ ಆ ನೂಲು ಪಟ್ ಅಂತ ಹರದು ರಬ್ಬರ್ ಆಗ್ತೈತಿ, ಅಲ್ಲೀತನಕ ಎಷ್ಟು ಸೆಕೆಂಡ್ ಅಂತ ಮೊಬೈಲ್ ಗಡಿಯಾರದಾಗ ಅಳೀರಿ. ಹಲಗಿ ಕೆಟ್ಟಾಗ ಅದ ಡಬ್ಬಿದು ಮತ್ತ ಅಳದು ನೋಡ್ರಿ. ಅಂಕಿ ಭಾಳ ಕಡಿಮಿ ಆಗಿದ್ರ ರೆಸಿನ್ ಹಳೇದಾಗೇತಿ, ಪ್ರೆಸ್ ಪೂರಾ ಮುಚ್ಚೋಕಿಂತ ಮೊದ್ಲ ಹೊರಮೈಯಾಗ ಗಟ್ಟಿ ಆಗಿಬಿಡ್ತೈತಿ. ಹೆಚ್ಚಾಗಿದ್ರ ಹಾರ್ಡ್ನರ್ (ರೆಸಿನ್ ಗಟ್ಟಿ ಮಾಡಾಕ ಹಾಕೋದು) ಕಡಿಮಿ ಬಿದ್ದೈತಿ ಇಲ್ಲಾ ಅದಕ್ಕ ತೇವ ಹಿಡದೈತಿ. ಮೊದಲಿನಷ್ಟ ಬಂತು ಅಂದ್ರ ರೆಸಿನ್ ಮುಚ್ಚಿಟ್ಟು ತೇವದ ತೂಕ ಇನ್ನೊಂದು ಸಲ ತೆಗೀರಿ, ಈ ಸಲ ಚೀಲದ ಮ್ಯಾಲಿನ ಹಿಡಿ ಬ್ಯಾಡ, ತಳದಾಗಿನ ಹಿಡಿ ತಗೋರಿ.